ಮೂರನೆಯ ಆಂಪ್

ಇಪ್ಪತ್ತು ವರ್ಷ ಸಿನಿಮಾ ಹಾಡುಗಳಿಗೆ ಹೆಸರಿಲ್ಲದೆ ಗಿಟಾರ್ ನುಡಿಸಿದ್ದ ಇಮ್ಯಾನುವೆಲ್‌ಗೆ, ಈ ಸಲ ತೆರೆಯ ಮೇಲೆ ಅವನ ಹೆಸರೇ ಬರುತ್ತದೆಂದು ಸ್ಟುಡಿಯೊದ ಶ್ರೀಕಂಠು ಮಾತು ಕೊಟ್ಟಿದ್ದ.

"ರೆಕಾರ್ಡಿಂಗ್ ನಾಳೆ, ಇಮ್ಮಣ್ಣ. ಇವತ್ತು ಬರೀ ಆಂಪ್ ಆರಿಸ್ಕೊಡಿ. ಮೈಕಲ್ಲಿ ಹೆಂಗೆ ಕೇಳುತ್ತೆ ಅಂತ ನಿಮ್ಮ ಕಿವಿಗೇ ಗೊತ್ತಾಗೋದು, ನಮ್ದೆಲ್ಲ ಬರೀ ಓಲೆ ಹಾಕೋ ಕಿವಿ."

ಅಲ್ಲಿ ಗಿಟಾರಿನ ಸದ್ದನ್ನು ಹಿಗ್ಗಿಸುವ ಮೂರು ಹಳೆಯ ವಾಲ್ವ್ ಆಂಪ್‌ಗಳಿದ್ದವು. ವಾಲ್ವ್ ಬಿಸಿಯೇರುವ ತನಕ ತಾಳ್ಮೆಯಿಂದ ಕಾದು, ಇಮ್ಯಾನುವೆಲ್ ಒಂದೊಂದರಲ್ಲೂ ನಾಳೆಯ ಇಡೀ ಹಾಡನ್ನು ನುಡಿಸಿದ. ಮೊದಲನೆಯದು ಒರಟು, ಎರಡನೆಯದು ಗೊರಗೊರ. ಮೂರನೆಯದರಲ್ಲಿ ಮೈಮರೆತು ಎರಡು ಸಲ ನುಡಿಸಿದ.

"ಇದೇ ಇರ್ಲಿ ಕಣೋ. ಗುಂಡಿ ಯಾರೂ ತಿರುಗಿಸ್ಬೇಡಿ. ನಾಳೆ ಎಷ್ಟೊತ್ತಿಗೆ ಬರ್ಲಿ?"

ಗಾಜಿನಾಚೆ ಕುಳಿತಿದ್ದ ಶ್ರೀಕಂಠು ತಲೆ ಎತ್ತಲಿಲ್ಲ.

"ಬರೋದು ಬೇಡ ಬಿಡಿ ಇಮ್ಮಣ್ಣ. ನೀವು ನುಡಿಸಿದ್ದೆಲ್ಲ ರೆಕಾರ್ಡ್ ಆಗಿದೆ. ಹೆಸರು ನನ್ನ ಬಾಮೈದಂದು ಹಾಕ್ತೀವಿ."