ಮಣಿಗೆ ಹಚ್ಚಿದ ಕಾಡಿಗೆ

ಊರಿನ ಪ್ರತಿ ದನದ ಕಿವಿಯಲ್ಲೂ ಬೆಳಕಿನ ಮಣಿಯೊಂದು ಇರುತ್ತಿತ್ತು. ಮೈ ನೆಟ್ಟಗಿದ್ದರೆ ಹಸಿರು, ಸೋಂಕು ತಗುಲಿದರೆ ಕೆಂಪು. ನೀಲವ್ವನ ಆಕಳು ಚಂದ್ರಿಯ ಮಣಿಯಂತೂ ಓಣಿಗೆಲ್ಲ ಹಚ್ಚ ಹಸಿರು. "ಏನ್ ಬೆಳಕವ್ವಾ ನಿನ್ನ ಆಕಳದು!" ಎಂದು ನೆರೆಮನೆಯ ತಂಗೆವ್ವ ಬೆರಗಾದ ಸಂಜೆಯೇ, ದೃಷ್ಟಿ ತಾಗದಿರಲೆಂದು ನೀಲವ್ವ ಮಣಿಗೆ ದಪ್ಪಗೆ ಕಾಡಿಗೆ ಹಚ್ಚಿದ್ದಳು.

ಈಗ ಚಂದ್ರಿ ನೆಲ ಹಿಡಿದಿತ್ತು, ಕೆಚ್ಚಲು ಕಲ್ಲಿನಂತೆ ಬಾತಿತ್ತು. ಡಾಕ್ಟರು ಬರುವ ಮೊದಲೇ ನೀಲವ್ವ ಸೆರಗಿನಿಂದ ಮಣಿ ಒರೆಸಿದಳು. ಕೆಂಪು ಬೆಳಕು ಅವಳ ಅಂಗೈ ಮೇಲೆ ಬಿತ್ತು. ಎಂದಿನಿಂದ ಉರಿಯುತ್ತಿತ್ತೋ!

"ಜೀವ ಉಳೀತದ. ಹಾಲಿನ ಆಸೆ ಬಿಡ್ರಿ," ಎಂದರು ಡಾಕ್ಟರು ಸೂಜಿ ಚುಚ್ಚುತ್ತ. "ಮಣಿ ಕೆಂಪಾಗಿದ್ದು ಯಾರೂ ನೋಡ್ಲಿಲ್ಲೇನು?"

"ಎಲ್ಲಾ ಆ ತಂಗೆವ್ವನ ಕಣ್ಣು!" ಎಂದಳು ಅತ್ತೆ. ನೀಲವ್ವ ಕಪ್ಪಾದ ಸೆರಗನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದಳು.

ಅಷ್ಟರಲ್ಲಿ ತಂಗೆವ್ವ ಬಿಸಿನೀರು ತಂದು, ಚಂದ್ರಿಯ ಕೆಚ್ಚಲಿಗೆ ಕಾವು ಕೊಡಲು ಕುಳಿತಳು.

"ನನ್ನ ಕಣ್ಣ ತಾಗಿತೇನೋ ನೀಲಾ," ಎಂದಳು ಅಳುತ್ತ. "ತಪ್ಪಾತವ್ವಾ."

ನೀಲವ್ವ ಸೆರಗಿನ ತುದಿಯನ್ನು ಸೊಂಟದೊಳಗೆ ಆಳವಾಗಿ ಸಿಗಿಸಿಕೊಂಡಳು.