ಗೇಟಿನತನಕದ ಪಟ್ಟಿ

ಎಮ್ಮೆಗಳನ್ನು ಸಾಗಿಸುವ ಲಾರಿಯ ಚಾಲಕರು ಕಾನೂನಿನಂತೆ ಎದೆಗೆ ಪಟ್ಟಿ ಕಟ್ಟಿಕೊಳ್ಳಲೇಬೇಕು. ಹಿಂದೆ ನಿಂತ ಎಮ್ಮೆಗಳಿಗೆ ಏನನ್ನಿಸುತ್ತದೋ ಅದು ಆ ಪಟ್ಟಿಯಿಂದ ಅವರಿಗೂ ಅನ್ನಿಸುತ್ತದೆ. ಹೀಗಾಗಿ ಫಕ್ಕೀರಪ್ಪ ದಾರಿಯುದ್ದಕ್ಕೂ ಗುಂಡಿ ತಪ್ಪಿಸುತ್ತ, ತನ್ನ ಗಂಟಲು ಒಣಗಿದಾಗಲೆಲ್ಲ ಲಾರಿ ನಿಲ್ಲಿಸಿ ಅವುಗಳಿಗೆ ನೀರು ಕುಡಿಸುತ್ತ ಬಂದಿದ್ದ.

ರಫ್ತಿನ ಕಸಾಯಿಖಾನೆಯ ಗೇಟಿನಲ್ಲಿ ಕಾವಲಿನ ಕಾಶವ್ವ ಕೈಚಾಚಿದಳು. "ಪಟ್ಟಿ ಬಿಚ್ಚಿ ಕೊಡು ಯಣ್ಣಾ. ಒಳಗಿನ ಸಂಕಟ ನಿನಗ್ಯಾಕ?"

ಕಾನೂನು ಗೇಟಿನತನಕ ಮಾತ್ರ. ಪ್ರತಿ ಸಲ ಕೂಡಲೇ ಬಿಚ್ಚಿಕೊಡುತ್ತಿದ್ದ ಫಕ್ಕೀರಪ್ಪ, ಅವುಗಳ ಹೆದರಿಕೆಯಲ್ಲಾದರೂ ಪಾಲು ತೆಗೆದುಕೊಳ್ಳೋಣವೆಂದು ಇವತ್ತು ಕಟ್ಟಿಕೊಂಡೇ ನಿಂತ. ಎಮ್ಮೆಗಳು ಇಳಿದು ಒಳಗೆ ನಡೆದವು. ಅವನ ಕಣ್ಣು ತುಂಬಿತು.

"ಭಾಳ ಹೆದರ್ಯಾವೇನ?" ಕಾಶವ್ವ ಮೆಲ್ಲಗೆ ಕೇಳಿದಳು.

"ಇಲ್ಲವ್ವ. ನಾ ಕರಕೊಂಡು ಬಂದೀನಂತ, ಮನಿ ಬಂತು ಅನ್ಕೊಂಡಾವ."