ಕೆಳಗೆ ಏನು ಕಾಣುತ್ತೆ

ದ್ರಾಕ್ಷಿತೋಟ ನೋಡಲು ಬಂದ ಗೆಳತಿಯರೆಲ್ಲ ಪಕ್ಕದ ಗುಡ್ಡದಿಂದ ಪ್ಯಾರಾಗ್ಲೈಡಿಂಗ್ ಮಾಡಿ ಇಳಿದಾಗಿತ್ತು. ಉಳಿದವಳು ವಾಗ್ದೇವಿ ಒಬ್ಬಳೇ. ಅವರ ಒತ್ತಾಯಕ್ಕೆ ಹೂಂ ಎಂದಿದ್ದಳು. ಬೆನ್ನ ಹಿಂದೆ ಪೈಲಟ್ ಚೆಲುವರಾಜನಿದ್ದರೂ ಕಾಲು ನೆಲ ಬಿಟ್ಟ ಕೂಡಲೇ ಜೀವ ಬಾಯಿಗೆ ಬಂತು.

“ಹೆದರಿಕೆ ಆದ್ರೆ ಕಣ್ಣು ಮುಚ್ಕೊಂಬಿಡಿ ಮೇಡಂ,” ಎಂದ ಅವನು ನಗುತ್ತಾ.

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಕಿವಿಯ ಪಕ್ಕದಲ್ಲೇ ಏನೋ ಗುಂಯ್ ಎಂದು ಹಾದುಹೋಯಿತು. ಗ್ಲೈಡರ್ ಒಮ್ಮೆ ಜೋರಾಗಿ ಓಲಾಡಿತು.

“ಕಣ್ಣು ಬಿಡಿ ಮೇಡಂ.” ಅವನ ದನಿಯಲ್ಲಿ ಈಗ ನಗು ಇರಲಿಲ್ಲ.

“ನನ್ ಕೈಲಾಗಲ್ಲಪ್ಪ.”

“ಬಿಡ್ಲೇಬೇಕು. ಕೆಳಗೆ ಏನೇನು ಕಾಣುತ್ತೆ, ಹೇಳ್ತಾ ಇರಿ. ಹೆದರಿಕೆ ಹೋಗುತ್ತೆ.”

ಹೆದರಿಕೆಯೇನೂ ಹೋಗಲಿಲ್ಲ. ಮನಸ್ಸಿನಲ್ಲೇ ಅವನನ್ನು ಶಪಿಸುತ್ತ ಅವಳು ಕಣ್ಣು ತೆರೆದಳು.

“ಅಯ್ಯೋ, ಎದುರಿಗೆ ಕರೆಂಟ್ ತಂತಿ ಇದೆ ಕಣಪ್ಪ.”

“ಯಾವ ಕಡೆ ಖಾಲಿ ಇದೆ?”

“ಎಡಕ್ಕೆ.”

ಗ್ಲೈಡರ್ ಎಡಕ್ಕೆ ವಾಲಿತು. ತಂತಿ ಬಲಗಡೆ ಉಳಿಯಿತು.

“ಈಗ?”

“ದ್ರಾಕ್ಷಿ ಚಪ್ಪರದ ಕಂಬಗಳು. ಕಾಲಿಗೇ ತಾಗೋ ಹಾಗಿವೆ.”

“ಕಾಲು ಮೇಲೆತ್ಕೊಳಿ. ಅದರಾಚೆ?”

“ಹುಲ್ಲಿನ ಬಯಲು.”

“ಅದರ ಮೇಲೆ ಬಂದ ತಕ್ಷಣ ಹೇಳಿ.”

“ಬಂತು, ಬಂತು.”

ಇಬ್ಬರೂ ಹುಲ್ಲಿನ ಮೇಲೆ ಮಗುಚಿ ಬಿದ್ದರು. ಇಷ್ಟು ಹೆದರಿಸಿದವನಿಗೆ ನಾಲ್ಕು ಮಾತು ಬಯ್ಯಬೇಕೆಂದು ವಾಗ್ದೇವಿ ಹಿಂದಕ್ಕೆ ತಿರುಗಿದಳು. ಹೆಜ್ಜೇನು ಕಡಿದು ಚೆಲುವರಾಜನ ಎರಡೂ ಕಣ್ಣು ಊದಿ ಮುಚ್ಚಿಹೋಗಿದ್ದವು.